ಪೆನ್ಸಿಲ್ ಗೆರೆ ಅಳಿಸುವ ಕೆಲಸ

ನನ್ನ ಒಂದು ಇಂಚಿನ ಉಳಿ ಬಹಳ ದಿನ ನನ್ನನ್ನು ಗೋಳು ಹೊಯ್ದುಕೊಂಡಿತು. ಅಲಗಿನ ನಡುಭಾಗ ಕನ್ನಡಿಯಂತೆ ಹೊಳೆಯುತ್ತಿತ್ತು. ಮುಂಗೈ ಕೂದಲಿಗೆ ಹಿಡಿದರೆ ಸರ್ರನೆ ಬೋಳಿಸುತ್ತಿತ್ತು. ಆದರೆ ಮರದಲ್ಲಿ ಒಂದು ಕಚ್ಚು ತೆಗೆದು ಅದರ ಮೂಲೆ ಬಿಡಿಸಲು ಹೋದರೆ ಅಲ್ಲಿ ಮರ ಕತ್ತರಿಸುತ್ತಲೇ ಇರಲಿಲ್ಲ. ಜಜ್ಜಿ, ನಾರುನಾರಾಗಿ ನಿಲ್ಲುತ್ತಿತ್ತು. ನಡುವೆ ಅಷ್ಟು ಹರಿತ, ಮೂಲೆಯಲ್ಲಿ ಮೊಂಡು. ಒಂದೇ ಹಿಡಿಗೆ ಎರಡು ಉಳಿ ಸಿಕ್ಕಿಸಿದ ಹಾಗೆ.

ನಾನೇನು ಮಾಡಿದೆ? ಇನ್ನೂ ನಯವಾದ ಮಸೆಗಲ್ಲು ಕೊಂಡೆ. ಮೊದಲೇ ನನ್ನ ಹತ್ತಿರ 1000 ನಂಬರಿನದೊಂದು, 4000 ನಂಬರಿನದೊಂದು ಇದ್ದವು. ಅವುಗಳ ಜೊತೆಗೆ 8000 ತಂದೆ. ನಡುಭಾಗದ ಹೊಳಪು ಹೆಚ್ಚಿತು, ಮೂಲೆ ಹಾಗೇ ಉಳಿಯಿತು. ಆಮೇಲೆ 12000 ತಂದೆ. ಅಲಗಿನಲ್ಲಿ ನನ್ನ ಮೂಗು ಕಾಣಿಸತೊಡಗಿತು. ಮೂಲೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಕೊನೆಗೆ ಪರಿಚಯದ ಹಿರಿಯ ಬಡಗಿಯೊಬ್ಬರಿಗೆ ಉಳಿ ತೋರಿಸಿದೆ. ಅವರು ಅಲಗನ್ನು ಒಮ್ಮೆ ಬೆಳಕಿಗೆ ಹಿಡಿದು ವಾಪಸ್ ಕೊಟ್ಟರು. "ಉಳಿ ಇರ್ಲಿ, ನಿಮ್ಮ ಕಲ್ಲು ತಗೊಂಡು ಬನ್ನಿ" ಅಂದರು. ನಾನು ಹೆಮ್ಮೆಯಿಂದ 12000 ತಂದಿಟ್ಟೆ. "ಇದಲ್ಲ, ಜಾಸ್ತಿ ಬಳಸ್ತೀರಲ್ಲ, ಅದು." ಸರಿ, 1000 ತಂದೆ. ಅವರು ಸ್ಟೀಲ್ ಸ್ಕೇಲನ್ನು ಕಲ್ಲಿನ ಮೇಲೆ ಅಡ್ಡಲಾಗಿ ನಿಲ್ಲಿಸಿದರು. ಬಗ್ಗಿ ನೋಡಿದರು. ನನಗೂ ನೋಡಲು ಹೇಳಿದರು. ಸ್ಕೇಲಿನ ಅಡಿಯಿಂದ ಬೆಳಕು ಧಾರಾಳವಾಗಿ ಬರುತ್ತಿತ್ತು.

"ಇದು ಕಲ್ಲಲ್ಲ ಸ್ವಾಮಿ, ಬೋಗುಣಿ" ಅಂದು ನಕ್ಕರು.

ಕಲ್ಲಿನ ನಡು ಸವೆದು ತಗ್ಗಾಗಿತ್ತು. ಅಂಥ ಕಲ್ಲಿನ ಮೇಲೆ ನೇರ ಅಂಚಿನ ಅಲಗು ಇಟ್ಟು ಉಜ್ಜಿದರೆ ಅದಕ್ಕೂ ಅದೇ ಬಾಗು ಬರುತ್ತದೆ. ಕಲ್ಲಿನ ಎರಡು ದಡ ಎತ್ತರ ಇರುತ್ತವಲ್ಲ, ಹಾಗಾಗಿ ಅಲಗಿನ ಎರಡು ಮೂಲೆ ಜಾಸ್ತಿ ಸವೆಯುತ್ತವೆ. ನಡು ಉಬ್ಬಿ ನಿಲ್ಲುತ್ತದೆ. ಈ ಉಬ್ಬಿದ ಅಂಚನ್ನು ಮಟ್ಟವಾಗಿರುವ ಹೊಸ ಕಲ್ಲಿಗೆ ತಂದರೆ ತಾಗುವುದು ನಡುಭಾಗ ಮಾತ್ರ. ಮೂಲೆಗಳು ಗಾಳಿಯಲ್ಲಿ. ನಾನು 8000, 12000 ಎಂದು ಮೇಲೆ ಮೇಲೆ ಹೋದಷ್ಟೂ ಅದೇ ನಡುಭಾಗಕ್ಕೆ ಹೊಳಪು ಹಚ್ಚುತ್ತಿದ್ದೆ ಅಷ್ಟೆ. ಉಳಿಯ ಬೆನ್ನಿನ, ಅಂದರೆ ಇಳಿಜಾರಿಲ್ಲದ ಚಪ್ಪಟೆ ಬದಿಯ ಪಾಡೂ ಅದೇ. ಬೆನ್ನು ಮಟ್ಟವಾಗಿದ್ದರೆ ಮಾತ್ರ ಅದು ಮರದ ಮೇಲೆ ಕೂತು ಅಲಗಿಗೆ ನೇರ ದಾರಿ ಕೊಡುತ್ತದೆ. ನನ್ನ ಉಳಿಯ ಬೆನ್ನು ದೋಣಿಯ ತಳದಂತೆ ಆಗಿತ್ತು. ಅದನ್ನು ಸರಿ ಮಾಡಲು ಎರಡು ಭಾನುವಾರ ಹೋದವು.

ಆ ಎರಡು ಭಾನುವಾರಗಳಲ್ಲಿ ತಲೆಗೆ ಹೊಳೆದದ್ದು ಇಷ್ಟು. ಯಾವ ಕಲ್ಲು ಒಳ್ಳೆಯದು ಅಂತ ನಾನು ವರ್ಷಗಟ್ಟಲೆ ಕೇಳುತ್ತಿದ್ದೆ. ಆದರೆ ಪ್ರತಿ ಕಲ್ಲೂ ಏನಾದರೊಂದು ಚಾಕರಿ ಕೇಳುತ್ತದೆ. ಒಂದಕ್ಕೆ ಮಟ್ಟ ಮಾಡುತ್ತಿರಬೇಕು, ಒಂದಕ್ಕೆ ಎಣ್ಣೆಯ ಜಿಡ್ಡು ತೊಳೆಯಬೇಕು, ಇನ್ನೊಂದಕ್ಕೆ ಕೈ ಹಗುರ ಇರಬೇಕು. ನಾನು ಕೇಳಬೇಕಿದ್ದದ್ದು, ಇದರಲ್ಲಿ ಯಾವ ಚಾಕರಿಯನ್ನು ಬೇಸರ ಇಲ್ಲದೆ ಮಾಡುತ್ತೇನೆ ಅಂತ.

ಕಲ್ಲು ಯಾಕೆ ಸವೆಯುತ್ತದೆ ಅಂತ ಮೊದಲು ನೋಡೋಣ. ಕಾರ್ಖಾನೆಯಲ್ಲಿ ಮಾಡಿದ ಮಸೆಗಲ್ಲಿನಲ್ಲಿ ಇರುವುದು ಎರಡೇ. ಉಕ್ಕನ್ನು ಕೆರೆಯುವ ಗಟ್ಟಿ ಹರಳು, ಆ ಹರಳುಗಳನ್ನು ಹಿಡಿದಿಟ್ಟುಕೊಳ್ಳುವ ಅಂಟು. ಹರಳು ಕೆಲಸ ಮಾಡಿ ಮಾಡಿ ಮೊಂಡಾಗುತ್ತದೆ. ಅಂಟು ಮೆತ್ತಗಿದ್ದರೆ ಆ ಮೊಂಡು ಹರಳು ಉದುರಿಹೋಗಿ ಕೆಳಗಿನಿಂದ ಹೊಸದು ಮೇಲೆ ಬರುತ್ತದೆ. ಕಲ್ಲು ಬೇಗ ಕೆರೆಯುತ್ತದೆ, ಬೇಗ ಸವೆಯುತ್ತದೆ. ಅಂಟು ಗಟ್ಟಿಯಿದ್ದರೆ ಮೊಂಡು ಹರಳು ಅಲ್ಲೇ ಕೂರುತ್ತದೆ. ಸಂದುಗಳಲ್ಲಿ ಉಕ್ಕಿನ ಪುಡಿ ತುಂಬಿಕೊಳ್ಳುತ್ತದೆ. ಕಲ್ಲು ಮಟ್ಟವಾಗಿಯೇ ಇರುತ್ತದೆ, ಆದರೆ ಮೈ ಗಾಜಿನಂತಾಗಿ ಅಲಗು ಸುಮ್ನೆ ಜಾರುತ್ತದೆ. ಬೇಗ ಕೆರೆಯಬೇಕು, ಸವೆಯಲೂ ಬಾರದು ಅಂತ ಬಯಸಿದ್ದು ನನ್ನ ದುರಾಸೆ. ಆ ಬೋಗುಣಿ ಕಲ್ಲು ಮೋಸ ಮಾಡಿರಲಿಲ್ಲ. ಅದು ಸವೆದದ್ದಕ್ಕೇ ಅಷ್ಟು ಚೆನ್ನಾಗಿ ಕೆರೆಯುತ್ತಿತ್ತು.

ನೀರಿನಲ್ಲಿ ಬಳಸುವ ಜಪಾನಿ ಬಗೆಯ ಕಲ್ಲುಗಳು ಈ ಮೆತ್ತನೆಯ ಜಾತಿ. ಕ್ಯೋಟೋ ಸುತ್ತಲಿನ ಬೆಟ್ಟಗಳಿಂದ ತೆಗೆದ ನೈಸರ್ಗಿಕ ಕಲ್ಲುಗಳಿಗೆ ಅಲ್ಲಿ ಬಹಳ ಹೆಸರಿತ್ತು. ಈಗ ನಾವು ಬಳಸುವುದು ಬಹುತೇಕ ಕೃತಕ, ಅಲ್ಯೂಮಿನಿಯಂ ಆಕ್ಸೈಡಿನವು. ಮಸೆಯುವಾಗ ಮೇಲೆ ಕೆಸರಿನಂಥ ಪದರ ಏಳುತ್ತದೆ. ಹೊಸಬರು ಅದನ್ನು ಕೊಳೆ ಅಂದುಕೊಂಡು ತೊಳೆದು ತೊಳೆದು ಚೆಲ್ಲುತ್ತಾರೆ. ಚೆಲ್ಲಬೇಡಿ. ಅದರಲ್ಲಿ ಉದುರಿದ ಹರಳು ಇದೆ, ಅದೂ ಮಸೆಯುತ್ತದೆ. ಮೈ ಒಣಗಿದಾಗ ನಾಲ್ಕು ಹನಿ ನೀರು ಚಿಮುಕಿಸಿದರೆ ಸಾಕು.

ನೆನೆಸುವ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡಿದ್ದೇನೆ. ತರಿಯಾದ ಕಲ್ಲುಗಳ ಮೈಯಲ್ಲಿ ರಂಧ್ರ ಜಾಸ್ತಿ. ಅವನ್ನು ನೀರಿಗೆ ಹಾಕಿದರೆ ಗುಳ್ಳೆಗಳು ಬರುತ್ತವೆ. ಗುಳ್ಳೆ ನಿಂತರೆ ಕಲ್ಲು ತಯಾರು, ಸುಮಾರು ಹತ್ತು ನಿಮಿಷದ ಕೆಲಸ. ನಯವಾದ ಕೆಲವು ಕಲ್ಲುಗಳ ಅಂಟು ಮಾತ್ರ ಬೇರೆ. ಮ್ಯಾಗ್ನೀಸಿಯಾದಿಂದ ಕಟ್ಟಿದ ಕಲ್ಲನ್ನು ನೀರಲ್ಲಿ ಬಿಡುವಂತಿಲ್ಲ, ಮೇಲೆ ನೀರು ಚಿಮುಕಿಸಿ ಮಸೆಯಬೇಕು, ಅಷ್ಟೆ. ಇದು ಗೊತ್ತಿಲ್ಲದೆ ನಾನು ಎಲ್ಲ ಕಲ್ಲುಗಳನ್ನೂ ಒಂದೇ ಡಬ್ಬಿಯ ನೀರಲ್ಲಿ ವಾರಗಟ್ಟಲೆ ಇಟ್ಟಿದ್ದೆ. ಬೇಕಾದಾಗ ತಕ್ಷಣ ಸಿಗಲಿ ಅನ್ನುವ ಜಾಣತನ ಬೇರೆ. ಒಂದು ದಿನ ನಯ ಕಲ್ಲನ್ನು ತೆಗೆದರೆ ಮೈ ಉಗುರಿಗೆ ಹತ್ತುವಷ್ಟು ಮೆತ್ತಗಾಗಿತ್ತು. ಗಾಬರಿಯಾಗಿ ಬಿಸಿಲಿಗಿಟ್ಟೆ. ಸಂಜೆ ಹೊತ್ತಿಗೆ ಜೇಡರ ಬಲೆಯಂತೆ ಬಿರುಕು. ತಪ್ಪು ಎರಡೂ ನನ್ನವೇ. ಈಗ ಕೆಲಸ ಮುಗಿದ ಮೇಲೆ ತೊಳೆದು, ನೆರಳಲ್ಲಿ, ಅಂಚಿನ ಮೇಲೆ ನಿಲ್ಲಿಸಿ ಒಣಗಿಸುತ್ತೇನೆ. ಹಾಗೆ ನಿಲ್ಲಿಸಿದರೆ ಎರಡೂ ಮುಖ ಒಂದೇ ಸಮ ಒಣಗುತ್ತವೆ. ನೀರು ಹೆಪ್ಪುಗಟ್ಟುವಷ್ಟು ಚಳಿ ಇರುವ ಕಡೆ ಒದ್ದೆ ಕಲ್ಲನ್ನು ಹೊರಗೆ ಬಿಟ್ಟರೆ ಸೀಳಿಯೇ ಹೋಗುತ್ತದೆ. ಒಳಗಿನ ನೀರು ಮಂಜಾಗಿ ಹಿಗ್ಗುತ್ತದಲ್ಲ, ಅದಕ್ಕೆ.

ಎಣ್ಣೆ ಹಾಕಿ ಬಳಸುವ ಕಲ್ಲುಗಳದ್ದು ಬೇರೆ ಲೋಕ. ಈ ಎಣ್ಣೆ-ನೀರಿನ ಜಗಳ ಹೊಸದೇನಲ್ಲ. 1ನೇ ಶತಮಾನದ ರೋಮನ್ ಬರಹಗಾರ ಪ್ಲಿನಿ ಕೂಡ ಎಣ್ಣೆ ಹಾಕಿ ಮಸೆಯುವ ಕಲ್ಲು, ನೀರು ಹಾಕಿ ಮಸೆಯುವ ಕಲ್ಲು ಅಂತ ಬೇರೆ ಮಾಡಿ ಬರೆದಿದ್ದಾನೆ. ಕ್ಷೌರಿಕರು ಉಗುಳು ಹಾಕಿ ಬಳಸುವ ಕಲ್ಲೂ ಅವನ ಪಟ್ಟಿಯಲ್ಲಿದೆ. ಅದನ್ನು ನಾನು ಪ್ರಯತ್ನಿಸಿಲ್ಲ. ನೈಸರ್ಗಿಕ ಎಣ್ಣೆಗಲ್ಲುಗಳಲ್ಲಿ ಅಮೆರಿಕದ ಆರ್ಕನ್ಸಾ ಕಲ್ಲಿಗೆ ದೊಡ್ಡ ಹೆಸರು. ನೊವಾಕ್ಯುಲೈಟ್ ಅನ್ನುವ ಈ ಕಲ್ಲು ಹೆಚ್ಚುಕಡಿಮೆ ಪೂರ್ತಿ ಸಿಲಿಕಾ. ಇದರ ದರ್ಜೆಯನ್ನು ಹರಳಿನ ಅಳತೆಯಿಂದ ಹೇಳುವುದಿಲ್ಲ, ಕಲ್ಲು ಎಷ್ಟು ಒತ್ತಾಗಿದೆ ಅನ್ನುವುದರಿಂದ ಹೇಳುತ್ತಾರೆ. ಕೃತಕ ಕಲ್ಲುಗಳ ಕಾಲ ಶುರುವಾದದ್ದು 1891ರಲ್ಲಿ. ಅಮೆರಿಕದ ಸಂಶೋಧಕ ಎಡ್ವರ್ಡ್ ಅಚೆಸನ್ ಕೃತಕ ವಜ್ರ ಮಾಡಲು ಹೊರಟು, ಜೇಡಿಮಣ್ಣು ಮತ್ತು ಕೋಕ್ ಇದ್ದಿಲನ್ನು ವಿದ್ಯುತ್ತಿನಿಂದ ಕಾಯಿಸಿದ. ವಜ್ರ ಸಿಗಲಿಲ್ಲ, ಸಿಲಿಕಾನ್ ಕಾರ್ಬೈಡ್ ಸಿಕ್ಕಿತು. ಕಾರ್ಬೊರಂಡಮ್ ಅಂತ ಅವನಿಟ್ಟ ಹೆಸರು ಇವತ್ತಿಗೂ ಬಡಗಿಗಳ ಬಾಯಲ್ಲಿದೆ.

ನನ್ನ ಎಣ್ಣೆಗಲ್ಲು ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕಿದ್ದು. ಕಪ್ಪಗೆ, ಅಂಟಂಟಾಗಿ, ನಡುವೆ ಹಳ್ಳ ಬಿದ್ದು ಕೂತಿತ್ತು. ಯಾರೋ ಅಡುಗೆ ಎಣ್ಣೆ ಹಾಕಿ ಬಳಸಿದ್ದರು ಅನ್ನಿಸುತ್ತದೆ. ಅಂಥ ಎಣ್ಣೆ ಗಾಳಿಗೆ ಗಟ್ಟಿಯಾಗಿ ಗೋಂದಾಗುತ್ತದೆ, ಕಲ್ಲಿನ ರಂಧ್ರಗಳನ್ನು ಮುಚ್ಚುತ್ತದೆ. ಹೊಲಿಗೆ ಯಂತ್ರಕ್ಕೆ ಬಿಡುವಂಥ ತೆಳು ಖನಿಜ ಎಣ್ಣೆ ಆದರೆ ಈ ತೊಂದರೆ ಇಲ್ಲ. ಎಣ್ಣೆಯ ಕೆಲಸ ಕಲ್ಲಿನೊಳಗೆ ಇಳಿಯುವುದಲ್ಲ, ಉಕ್ಕಿನ ಪುಡಿಯನ್ನು ಮೇಲೆ ತೇಲಿಸುವುದು. ಹಾಗಾಗಿ ಅದು ತೆಳುವಾಗಿದ್ದಷ್ಟೂ ಒಳ್ಳೆಯದು. ಮಸೆದ ಮೇಲೆ ಆ ಕಪ್ಪು ಎಣ್ಣೆಯನ್ನು ಬಟ್ಟೆಯಿಂದ ಒರೆಸಿಬಿಡಬೇಕು. ಅದನ್ನು ಅಲ್ಲೇ ಒಣಗಲು ಬಿಟ್ಟವರ ಕಲ್ಲುಗಳೇ ಹಳೆ ಸಾಮಾನಿನ ರಾಶಿ ಸೇರುವುದು.

ನನ್ನ ಕಲ್ಲನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ಮುಳುಗಿಸಿಟ್ಟು, ಗಟ್ಟಿ ಬ್ರಷ್ಷಿನಿಂದ ಉಜ್ಜಿದೆ. ಎಣ್ಣೆ ಮತ್ತೆ ಕಪ್ಪಾಯಿತು, ಬದಲಿಸಿದೆ, ಮತ್ತೆ ಉಜ್ಜಿದೆ. ಮೂರನೇ ಸಲಕ್ಕೆ ಕಪ್ಪಿನೊಳಗಿಂದ ಇಟ್ಟಿಗೆಯಂಥ ಕಂದು ಬಣ್ಣ ಕಾಣಿಸಿತು. ತಿರುಗಿಸಿ ನೋಡಿದರೆ ಇನ್ನೊಂದು ಬದಿ ತರಿ, ಈ ಬದಿ ನಯ. ಎರಡು ಕಲ್ಲು ಅಂಟಿಸಿದ ಜೋಡಿ ಕಲ್ಲು ಅದು! ಆ ಸಂಜೆ ಯಾಕೋ ಲಾಟರಿ ಹೊಡೆದಷ್ಟು ಖುಷಿಯಾಯಿತು. ಹಳ್ಳ ತೆಗೆದು ಮಟ್ಟ ಮಾಡುವುದು ಮಾತ್ರ ಮೂರು ಸಂಜೆಯ ಬೆವರು. ದಪ್ಪ ಗಾಜಿನ ಮೇಲೆ ಸಿಲಿಕಾನ್ ಕಾರ್ಬೈಡ್ ಪುಡಿ ಉದುರಿಸಿ ತಿಕ್ಕಿದೆ. ಎಣ್ಣೆಗಲ್ಲು ಸವೆಯುವುದೇ ಇಲ್ಲ ಅನ್ನುವವರಿದ್ದಾರೆ. ಸವೆಯುತ್ತದೆ. ನಿಧಾನಕ್ಕೆ ಸವೆಯುವುದರಿಂದ ನಮಗೆ ಗೊತ್ತಾಗುವುದಿಲ್ಲ, ಅದೇ ಅಪಾಯ.

ವಜ್ರದ ತಟ್ಟೆಗಳ ಬಗ್ಗೆ ಹೇಳುವುದು ಕಡಿಮೆ. ಉಕ್ಕಿನ ತಟ್ಟೆಯ ಮೇಲೆ ನಿಕ್ಕಲ್ ಲೇಪನದಲ್ಲಿ ವಜ್ರದ ಹರಳು ಕೂರಿಸಿರುತ್ತಾರೆ. ತಗ್ಗು ಬೀಳುವುದಿಲ್ಲ, ನೀರು ಚಿಮುಕಿಸಿದರೆ ಸಾಕು. ಹೊಸದರಲ್ಲಿ ತುಂಬಾ ಒರಟು ಅನ್ನಿಸುತ್ತದೆ, ಎತ್ತರಕ್ಕೆ ನಿಂತ ಹರಳುಗಳು ಉದುರಿದ ಮೇಲೆ ಹದಕ್ಕೆ ಬರುತ್ತದೆ. ಕೈ ಭಾರ ಹಾಕಿದರೆ ಹರಳು ಕಿತ್ತುಬರುತ್ತದೆ. ಒಂದೇ ಪದರ ಇರುವುದರಿಂದ ಕೆಳಗಿನಿಂದ ಹೊಸದು ಬರುವ ಮಾತೇ ಇಲ್ಲ. ಸವೆಯಿತು ಅಂದರೆ ಸವೆಯಿತು. ತೊಳೆದು ಒರೆಸಿಡಿ, ಮುಗಿಯಿತು.

ಆದರೆ ಅಲಗಿನ ಉಕ್ಕು ಯಾವುದು ಅನ್ನುವುದರ ಮೇಲೆ ಈ ತಟ್ಟೆ ಬೇಕೋ ಬೇಡವೋ ಅನ್ನುವುದು ನಿಂತಿದೆ. ಹಳೆಯ ಸಾದಾ ಕಾರ್ಬನ್ ಉಕ್ಕಿನ ಉಳಿಗೆ ಯಾವ ಕಲ್ಲಾದರೂ ನಡೆಯುತ್ತದೆ. ಹೊಸ ಕಾಲದ ಕೆಲವು ಉಕ್ಕುಗಳಲ್ಲಿ ವನೇಡಿಯಂ ಜಾಸ್ತಿ. ಅದು ಇಂಗಾಲದ ಜೊತೆ ಸೇರಿ ವನೇಡಿಯಂ ಕಾರ್ಬೈಡ್ ಅನ್ನುವ ಸಣ್ಣ ಗಟ್ಟಿ ಕಣಗಳಾಗಿರುತ್ತದೆ. ಆ ಕಣ ಅಲ್ಯೂಮಿನಿಯಂ ಆಕ್ಸೈಡಿಗಿಂತಲೂ ಗಟ್ಟಿ. ಆರ್ಕನ್ಸಾ ಕಲ್ಲಿನ ಸಿಲಿಕಾ ಅಂತೂ ಅದರ ಹತ್ತಿರಕ್ಕೂ ಬರುವುದಿಲ್ಲ. ಅಂಥ ಅಲಗನ್ನು ಆರ್ಕನ್ಸಾ ಮೇಲೆ ಅರ್ಧ ಗಂಟೆ ಉಜ್ಜಿದರೂ ಬರುವುದು ಹೊಳಪು ಮಾತ್ರ, ಹರಿತ ಬರುವುದಿಲ್ಲ. ಅಲ್ಲಿ ವಜ್ರವೇ ಸರಿ. ಕಲ್ಲು ಕೆಟ್ಟದು ಅಂತ ಬೈಯುವ ಮೊದಲು ಅಲಗು ಯಾವುದು ಅಂತ ನೋಡಬೇಕು, ಅಲ್ವಾ?

ನಂಬರುಗಳ ಗೊಂದಲವೂ ಸಣ್ಣದಲ್ಲ. ನಂಬರು ಹೆಚ್ಚಾದಷ್ಟೂ ಹರಳು ಸಣ್ಣದು, ಇಲ್ಲಿಯವರೆಗೆ ಸರಿ. ಆದರೆ ಒಂದೊಂದು ದೇಶದ ಅಳತೆಗೋಲು ಒಂದೊಂದು ಥರ. ಯುರೋಪಿನ ಲೆಕ್ಕದ ಪಿ1000 ಎಮರಿ ಕಾಗದದ ಹರಳು ಸುಮಾರು 18 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ). ಜಪಾನಿನ ಲೆಕ್ಕದ 1000 ಕಲ್ಲಿನ ಹರಳು ಅದಕ್ಕಿಂತ ಸಣ್ಣದು. ಪಿ2000 ಕಾಗದ ಸುಮಾರು 10 ಮೈಕ್ರಾನ್. ಅಂದರೆ ನಂಬರು ದುಪ್ಪಟ್ಟಾದರೂ ಆ ಕಾಗದ ಜಪಾನಿ 1000 ಕಲ್ಲಿನ ಆಸುಪಾಸಿನಲ್ಲೇ ಇದೆ. ಜಪಾನಿ 8000 ಅಂದರೆ ಹೆಚ್ಚುಕಡಿಮೆ 1.2 ಮೈಕ್ರಾನ್. ಹಾಗಾಗಿ ಒಬ್ಬರ 1000ವನ್ನು ಇನ್ನೊಬ್ಬರ 1000ದ ಜೊತೆ ಹೋಲಿಸುವ ಮೊದಲು ಮೈಕ್ರಾನ್ ಕೇಳಿ.

ಎಷ್ಟು ಕಲ್ಲು ಬೇಕು? ನನ್ನ ಕಪಾಟಿನಲ್ಲಿ ಒಂಬತ್ತು ಇವೆ. ಬಳಸುವುದು ಮೂರು. ಅಲಗು ಒಡೆದರೆ ಅಥವಾ ಕೋನ ಬದಲಿಸಬೇಕಾದರೆ ತರಿಯಾದ ವಜ್ರದ ತಟ್ಟೆ. ದಿನದ ಕೆಲಸಕ್ಕೆ 1000. ಕೊನೆಗೆ 6000 ಅಥವಾ 8000. ನಡುವೆ ಮೆಟ್ಟಿಲು ಬೇಡವೇ ಅಂತ ಕೇಳುತ್ತಾರೆ. ಉಳಿಗೆ 25 ಡಿಗ್ರಿ ಇಳಿಜಾರು ಕೊಟ್ಟು, ತುದಿಯಲ್ಲಿ ಮಾತ್ರ 30 ಡಿಗ್ರಿಯ ಸಣ್ಣ ಪಟ್ಟಿ ಮಾಡಿಕೊಂಡರೆ ನಯ ಕಲ್ಲು ಕೆರೆಯಬೇಕಾದದ್ದು ಕೂದಲೆಳೆಯಷ್ಟು ಅಗಲ. ಅಷ್ಟಕ್ಕೆ 1000ದಿಂದ ನೇರ 8000ಕ್ಕೆ ಹಾರಿದರೂ ಏನೂ ತೊಂದರೆಯಿಲ್ಲ. ಆದರೆ 1000ದ ಕೆಲಸ ಪೂರ್ತಿ ಮುಗಿದಿರಬೇಕು. ಮುಗಿದದ್ದು ಗೊತ್ತಾಗುವುದು ಬರ್, ಅಂದರೆ ಅಂಚಿನಲ್ಲಿ ಮಡಚಿ ಏಳುವ ಉಕ್ಕಿನ ಎಳೆ, ಬಂದಾಗ. ಅಲಗಿನ ಬೆನ್ನ ಮೇಲೆ ಹೆಬ್ಬೆರಳನ್ನು ಅಂಚಿನಿಂದ ಹೊರಕ್ಕೆ ಸವರಿದರೆ ಉದ್ದಕ್ಕೂ ಸಣ್ಣ ಏಣು ತಡೆಯಬೇಕು. ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ. ನನ್ನ ಆ ಉಳಿಯ ಬೆನ್ನನ್ನು ನಾನು ಯಾವತ್ತೂ ಮೂಲೆಯವರೆಗೆ ಸವರಿಯೇ ಇರಲಿಲ್ಲ.

ಇನ್ನು ಮಟ್ಟ ಮಾಡುವ ಚಾಕರಿ. ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕಳಿ ಎಳೆಯುತ್ತೇನೆ. ದಪ್ಪ ಗಾಜಿನ ಮೇಲೆ 220 ನಂಬರಿನ ನೀರು ತಡೆಯುವ ಎಮರಿ ಕಾಗದ ಹಾಸಿ, ನೀರು ಬಿಟ್ಟು, ಕಲ್ಲನ್ನು ಮಗುಚಿ ಉಜ್ಜುತ್ತೇನೆ. ನಾಲ್ಕು ಸಲ ಉಜ್ಜಿ ತಿರುಗಿಸಿ ನೋಡಿದರೆ ದಡದ ಗೆರೆ ಹೋಗಿರುತ್ತದೆ, ನಡುವಿನದು ಉಳಿದಿರುತ್ತದೆ. ಆ ಉಳಿದ ಗೆರೆಯೇ ತಗ್ಗಿನ ನಕ್ಷೆ. ಎಲ್ಲ ಅಳಿಸುವವರೆಗೆ ಉಜ್ಜಬೇಕು. ತರಿಯಾದ ವಜ್ರದ ತಟ್ಟೆಯಿಂದ ಇನ್ನೂ ಬೇಗ ಆಗುತ್ತದೆ, ಆದರೆ ನಲ್ಲಿ ನೀರಿನ ಕೆಳಗೆ ಹಿಡಿದು ಮಾಡಿ. ಸಡಿಲ ಹರಳಿನ ಕೆಸರು ನಿಂತರೆ ವಜ್ರವನ್ನೇ ಬುಡದಿಂದ ಎಬ್ಬಿಸುತ್ತದೆ. ಮುಗಿದ ಮೇಲೆ ಕಲ್ಲನ್ನು ಚೆನ್ನಾಗಿ ತೊಳೆಯಿರಿ. ಕಾಗದದಿಂದ ಉದುರಿದ ಒಂದೇ ಒಂದು ತರಿ ಹರಳು ನಯ ಕಲ್ಲಿನ ಮೈಯಲ್ಲಿ ಸಿಕ್ಕಿಕೊಂಡರೆ ಅಲಗಿನ ಮೇಲೆ ಗೀರೋ ಗೀರು. ಕಲ್ಲಿನ ನಾಲ್ಕು ಅಂಚನ್ನೂ ಓರೆಯಾಗಿ ಸ್ವಲ್ಪ ತಿಕ್ಕಿ ಮುರಿಯಿರಿ. ಚೂಪು ಅಂಚು ಇದ್ದರೆ ಚಕ್ಕೆ ಏಳುತ್ತದೆ.

ಮಟ್ಟದ ಗಾಜೂ ಇಲ್ಲ, ತಟ್ಟೆಯೂ ಇಲ್ಲ ಅಂದರೆ? ಮೂರು ಕಲ್ಲು ಇದ್ದರೆ ಸಾಕು. ಎರಡೇ ಕಲ್ಲನ್ನು ಪರಸ್ಪರ ಉಜ್ಜಿದರೆ ಒಂದು ಉಬ್ಬು, ಇನ್ನೊಂದು ಅದಕ್ಕೆ ಸರಿಯಾಗಿ ತಗ್ಗು ಆಗಿ ಕೂರಬಹುದು. ಎರಡೂ ಚೆನ್ನಾಗಿ ಹೊಂದುತ್ತವೆ, ಎರಡೂ ಮಟ್ಟ ಇಲ್ಲ. ಮೂರನೆಯದನ್ನು ಸೇರಿಸಿ ಒಂದರ ಮೇಲೆ ಎರಡು, ಎರಡರ ಮೇಲೆ ಮೂರು, ಮೂರರ ಮೇಲೆ ಒಂದು ಅಂತ ಬದಲಿಸುತ್ತ ಹೋದರೆ ಮೂರೂ ಪರಸ್ಪರ ಹೊಂದಲು ಇರುವ ದಾರಿ ಒಂದೇ, ಮಟ್ಟವಾಗುವುದು. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ ಲೋಹದ ತಟ್ಟೆಗಳನ್ನು ಮೂರು ಮೂರಾಗಿ ಹೀಗೆ ಹೊಂದಿಸಿ ಮಟ್ಟ ಮಾಡುವ ಬಗೆಯನ್ನು 1840ರಲ್ಲಿ ಗ್ಲಾಸ್ಗೋದ ವಿಜ್ಞಾನ ಸಭೆಯಲ್ಲಿ ವಿವರಿಸಿದ್ದ. ಅವನು ತಟ್ಟೆಗಳನ್ನು ಉಜ್ಜುತ್ತಿರಲಿಲ್ಲ, ಎತ್ತರದ ಜಾಗ ಗುರುತಿಸಿ ಕೆರೆಯುತ್ತಿದ್ದ. ಲೆಕ್ಕ ಮಾತ್ರ ಅದೇ. ಬರೀ ಮೂರು ತಟ್ಟೆ ಇಟ್ಟುಕೊಂಡು, ಬೇರೆ ಯಾವ ಅಳತೆಗೋಲೂ ಇಲ್ಲದೆ ಮಟ್ಟ ಹುಟ್ಟಿಸಬಹುದು ಅನ್ನುವುದು ನನಗೆ ಈಗಲೂ ಜಾದೂ ಅನ್ನಿಸುತ್ತದೆ.

ತಗ್ಗು ಬೀಳದ ಹಾಗೆ ಮಸೆಯುವುದು ಇನ್ನೂ ಸುಲಭದ ಉಪಾಯ. ಕೈ ತಾನಾಗಿಯೇ ಕಲ್ಲಿನ ನಡುವಿಗೆ ಹೋಗುತ್ತದೆ. ಅದನ್ನು ಬೇಕೆಂದೇ ದಡಕ್ಕೆ, ದೂರದ ತುದಿಗೆ ಕರೆದೊಯ್ಯಬೇಕು. ಕಾಲು ಇಂಚಿನ ಸಣ್ಣ ಉಳಿಯಿಂದಲೇ ಜಾಸ್ತಿ ಹಾನಿ, ಅದು ಕಾಲುವೆ ತೋಡುತ್ತದೆ. ನಾನು ಸಣ್ಣ ಉಳಿಗಳನ್ನು ಕಲ್ಲಿನ ಪಕ್ಕದ ಮುಖದ ಮೇಲೆ ಮಸೆಯುತ್ತೇನೆ. ಕೀಸುಳಿಯ ಅಗಲ ಅಲಗಿಗೆ ಮೇಲಿನ ಮುಖ ಮೀಸಲು.

ಇಷ್ಟೆಲ್ಲ ತಲೆಬಿಸಿ ನೇರ ಅಂಚಿನ ಹತಾರಗಳಿಗೆ ಮಾತ್ರ ಅನ್ನುವುದನ್ನೂ ಹೇಳಿಬಿಡಬೇಕು. ಕುಡುಗೋಲು, ಕೊಡಲಿಯಂಥ ಬಾಗಿದ ಬಾಯಿಗೆ ಕಲ್ಲಿನ ತಗ್ಗು ದೊಡ್ಡ ವಿಷಯವಲ್ಲ. ಒಂದು ಸಲಕ್ಕೆ ಬಾಯಿಯ ಸಣ್ಣ ತುಣುಕು ಮಾತ್ರ ಕಲ್ಲಿಗೆ ತಾಗುತ್ತದೆ. ಬೋಗುಣಿಯಾದ ಕಲ್ಲಿನಲ್ಲೇ ಕುಡುಗೋಲು ಮಸೆದು ಜೀವನವಿಡೀ ಕೆಲಸ ಮಾಡಿದವರು ದಡ್ಡರಲ್ಲ. ಅವರಿಗೆ ಮಟ್ಟದ ಅಗತ್ಯ ಬರಲಿಲ್ಲ. ಕೆತ್ತನೆಯ ದುಂಡು ಬಾಯಿಯ ಗೋಲುಳಿಗಂತೂ ಕಲ್ಲಿನಲ್ಲಿ ಒಂದು ಕಾಲುವೆಯಂಥ ತಗ್ಗು ಇದ್ದರೆ ಅನುಕೂಲವೇ.

ಆ ಹಳೆಯ 1000 ಕಲ್ಲು ಈಗಲೂ ನನ್ನ ಹತ್ತಿರವೇ ಇದೆ. ಕೊಂಡಾಗ ಒಂದು ಇಂಚು ದಪ್ಪ ಇತ್ತು, ಈಗ ಅರ್ಧ. ಸವೆದ ಅರ್ಧದಲ್ಲಿ ಅಲಗುಗಳು ತಿಂದದ್ದೆಷ್ಟು, ಗಾಜಿನ ಮೇಲೆ ಉಜ್ಜಿ ಕಳೆದದ್ದೆಷ್ಟು ಅಂತ ಲೆಕ್ಕ ಹಾಕಲು ಹೋಗಿಲ್ಲ. ತೆಳುವಾದ ಕಲ್ಲು ಕೈ ಭಾರಕ್ಕೆ ಮುರಿಯಬಹುದು ಅಂತ ಕಳೆದ ತಿಂಗಳು ಅದನ್ನು ನೀರು ಹೀರದ ಒಂದು ಚಪ್ಪಡಿಗೆ ಅಂಟಿಸಿದೆ. ನಿನ್ನೆ ಚೌಕಳಿ ಎಳೆದು ಉಜ್ಜಿದಾಗ ಎಲ್ಲ ಗೆರೆ ಹೋದವು, ಎಡಗಡೆಯ ಒಂದು ಮೂಲೆಯದು ಮಾತ್ರ ಉಳಿಯಿತು. ಅಲ್ಲಿಗೆ ಯಾವ ಅಲಗನ್ನು ಒತ್ತಿದ್ದೆ ಅಂತ ನೆನಪಾಗಲಿಲ್ಲ. ಇನ್ನೊಂದು ಲೋಟ ನೀರು ಸುರಿದು ಮತ್ತೆ ಉಜ್ಜಲು ಕೂತೆ.